ಇಂಗ್ಲೆಂಡಿನ ಅಮ್ಮನಿಗೆ ನಾನಿಟ್ಟ ಎಡೆ

ನನ್ನ ಮೊಮ್ಮಗಳಿಗೆ ಪಿಎಚ್.ಡಿ. ಸಿಕ್ಕಿತು! ನಿನ್ನೆ ಸಾಯಂಕಾಲ ನಾಲ್ಕೂವರೆಗೆ, ತುಮಕೂರಿನಲ್ಲಿ, ತುಂಬಿದ ಸಭೆಯ ಮುಂದೆ ಕೋಟು ತೊಟ್ಟ ಪರೀಕ್ಷಕರು ಎದ್ದು ನಿಂತು ಹೇಳಿದರು. ನಮ್ಮ ಮನೆತನದಲ್ಲಿ ಹೆಣ್ಣಿರಲಿ ಗಂಡಿರಲಿ, ಇಷ್ಟು ಓದಿದವರು ಹಿಂದೆ ಯಾರೂ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಎರಡು ಕೈಯನ್ನೂ ಬಾಯಿಯ ಮೇಲೆ ಒತ್ತಿಕೊಂಡು ಕೂತಿದ್ದೆ. ಇನ್ನೊಂದು ಸಲ ಬಾಯಿಂದ ಏನಾದರೂ ಬಂದುಬಿಟ್ಟರೆ ಏನು ಗತಿ ಎಂಬ ಭಯ.

ಸಂತೋಷ ಎಷ್ಟಿದೆಯೋ ಗಾಬರಿಯೂ ಅಷ್ಟೇ ಇದೆ. ಇವತ್ತು ಬೆಳಿಗ್ಗೆ ಹೂವಿನ ಬುಟ್ಟಿ ಮುಟ್ಟುವ ಮೊದಲೇ ಇದನ್ನು ಬರೆಯಲು ಕೂತಿದ್ದೇನೆ. ಯಾಕೆಂದರೆ ಮೂರು ವರ್ಷದಿಂದ ನಾನು ಎಡೆ ಇಡುತ್ತಿದ್ದ ಒಬ್ಬ ಹಿರಿಯರು ನಿನ್ನೆ ಆ ಸಭೆಯಲ್ಲಿ ಕಣ್ಣು ಬಿಟ್ಟು ನನ್ನನ್ನು ನೋಡಿದರು, ಮಾತೂ ಆಡಿದರು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬಟವಾಡಿಯಲ್ಲಿ ಬಸ್ ನಿಲ್ಲುವ ಜಾಗದ ಪಕ್ಕ ಹೂ ಕಟ್ಟಿ ಮಾರುತ್ತೇನೆ. ಮಗ, ಸೊಸೆ ಗುಬ್ಬಿ ತಾಲ್ಲೂಕಿನಲ್ಲಿ, ಕಡಬದ ಹತ್ತಿರ ನಮ್ಮೂರಿನಲ್ಲೇ ಇದ್ದಾರೆ. ಅವರ ಮಗಳೇ ಈ ಮೊಮ್ಮಗಳು. ಯೂನಿವರ್ಸಿಟಿಗೆ ಸೇರಿದ ಮೇಲೆ ನನ್ನ ಜೊತೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆರು ವರ್ಷ ಇದ್ದಳು. ಮಧ್ಯಾಹ್ನದ ಹೊತ್ತು ನಾನು ನೆಲದ ಮೇಲೆ ಹೂ ಹರಡಿಕೊಂಡು ಕಟ್ಟುತ್ತಿದ್ದರೆ ಅವಳು ಗೋಡೆಗೆ ಒರಗಿ ಬರೆಯುತ್ತಿದ್ದಳು. ಬರೆದು ಬರೆದು ಕೈ ನೋವಾದಾಗ ತಾನು ಓದಿದ್ದನ್ನು ನನಗೆ ಕಥೆಯ ಹಾಗೆ ಹೇಳುತ್ತಿದ್ದಳು. ಆರು ವರ್ಷವೂ ಒಬ್ಬರದ್ದೇ ಕಥೆ, ಇಂಗ್ಲೆಂಡಿನ ಒಬ್ಬ ಹೆಂಗಸಿನದು. ತತ್ವಶಾಸ್ತ್ರ ಹೇಳಿಕೊಡುವ ಮೇಷ್ಟ್ರಮ್ಮ.

ಆ ಅಮ್ಮನ ಅಪ್ಪ ಒಂದು ಸಣ್ಣ ಊರಿನಲ್ಲಿ ಚಪ್ಪಲಿ, ಬೂಟು ರಿಪೇರಿ ಮಾಡುತ್ತಿದ್ದರಂತೆ. ಮಗಳು ಆ ಅಂಗಡಿಯ ಮೂಲೆಯಲ್ಲೇ ಕೂತು ಓದಿ, ದೊಡ್ಡ ಕಾಲೇಜಿಗೆ ಸೇರಿ, ಗಂಡಸರ ನಡುವೆ ಒಬ್ಬಳೇ ಹೆಣ್ಣಾಗಿ ಪಾಠ ಹೇಳುವ ಮಟ್ಟಕ್ಕೆ ಬಂದರಂತೆ. ಚಿಕ್ಕ ವಯಸ್ಸಿನಲ್ಲೇ ಒಂದು ಪುಸ್ತಕ ಬರೆದರು. ಇನ್ನೊಬ್ಬರ ನೋವು ನಮಗೆ ಹೇಗೆ ಗೊತ್ತಾಗುತ್ತದೆ ಎನ್ನುವುದೇ ಅದರ ವಿಷಯ. ಗೊತ್ತಾಗುವುದಿಲ್ಲ, ಮುಖ ನೋಡಿ, ಮಾತು ಕೇಳಿ ನಾವು ಲೆಕ್ಕ ಹಾಕುತ್ತೇವೆ ಅಷ್ಟೇ ಎಂದು ಅವರು ಬರೆದಿದ್ದರಂತೆ. ಅದರಿಂದ ಅವರಿಗೆ ದೊಡ್ಡ ಹೆಸರು ಬಂತು. ಇನ್ನೇನು ಅತಿ ದೊಡ್ಡ ಹುದ್ದೆ ಸಿಗಬೇಕು ಅನ್ನುವಾಗ ಒಂದು ದಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಊರಿಗೆ ಹೋಗಿಬಿಟ್ಟರು. ಅಲ್ಲಿ ಅವರ ತಾಯಿಗೆ ಲಕ್ವ ಹೊಡೆದು ಮಾತು ನಿಂತುಹೋಗಿತ್ತು. ಒಂಬತ್ತು ವರ್ಷ ತಾಯಿಯ ಸೇವೆ ಮಾಡಿದರು. ಆಮೇಲೆ ಯೂನಿವರ್ಸಿಟಿಗೂ ಮರಳಲಿಲ್ಲ, ಇನ್ನೊಂದು ಪುಸ್ತಕವನ್ನೂ ಬರೆಯಲಿಲ್ಲ. ಮದುವೆ ಇಲ್ಲ, ಮಕ್ಕಳಿಲ್ಲ.

ಈ ಕಥೆ ಮೊದಲ ಸಲ ಕೇಳಿದ ದಿನವೇ ನಾನು ತಕರಾರು ತೆಗೆದಿದ್ದೆ.

"ಅಲ್ಲ ಕಣೇ, ಈ ದಾರಕ್ಕೆ ನನ್ ಬೆಳ್ಳು ಕುಯ್ದೋದ್ರೆ ನಿಂಗೊತ್ತಾಗಲ್ವಾ?"

"ನೀನು ಹಾ ಅಂದ್ರೆ ಗೊತ್ತಾಗುತ್ತೆ. ಸುಮ್ನಿದ್ರೆ?" ಎಂದಳು.

"ಸುಮ್ನಿದ್ರೂ ಗೊತ್ತಾಯ್ತದೆ. ನಿಮ್ ಮುತ್ತಜ್ಜಿ, ನಮ್ಮತ್ತೆ, ನಾಕು ವರ್ಷ ಮಾತಿಲ್ದೆ ಮಲಗಿದ್ರು. ಕಂಬ್ಳಿ ಅಂಚು ಎಳೀತಿದ್ರೆ ನೀರು ಬೇಕು ಅಂತ. ಹೆಬ್ಬೆಟ್ಟು ಮುಷ್ಟಿ ಒಳಕ್ಕೆ ಸೇರಿಸ್ಕೊಂಡ್ರೆ ಮಗ್ಗುಲು ಬದಲಾಯಿಸ್ಬೇಕು ಅಂತ."

"ಅದು ನಿನಗೆ ಹೇಗೆ ಗೊತ್ತಾಯ್ತು? ಅವರೇನು ಹೇಳಿಕೊಟ್ರಾ?"

"ಯಾರೇಳ್ಕೊಡ್ತಾರೆ? ಮೊದಲ್ನೇ ವರ್ಷ ಬರೀ ತಪ್ಪೇ. ನೀರು ಕೇಳಿದ್ರೆ ಮಗ್ಗುಲು ಬದಲಾಯಿಸ್ತಿದ್ದೆ, ಮಗ್ಗುಲು ಅಂದ್ರೆ ಗಂಜಿ ತರ್ತಿದ್ದೆ. ಅವ್ರು ಕಣ್ ಮುಚ್ಕೊಂಡ್ ಬುಡೋರು, ಈ ದಡ್ಡಿ ಸಾವಾಸ ಸಾಕು ಅಂತ."

ಅವಳು ನಗಲಿಲ್ಲ. ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ಆಮೇಲೆ ಸರಸರ ಬರೆಯತೊಡಗಿದಳು. ನಾನು ಸೇವಂತಿಗೆ ಮುಗಿಸಿ ಕನಕಾಂಬರಕ್ಕೆ ಕೈ ಹಾಕಿದೆ.

ಅವಳ ವಾದ ಇಷ್ಟು. ಆ ಅಮ್ಮನ ವಿದ್ಯೆ ರಾಜೀನಾಮೆ ಕೊಟ್ಟಲ್ಲಿಗೇ ಮುಗಿಯಿತು ಎಂದು ಓದಿದವರೆಲ್ಲ ಬರೆದಿದ್ದಾರೆ, ಅದು ತಪ್ಪು. ಮಾತಿಲ್ಲದ ತಾಯಿಯ ಹತ್ತಿರ ಒಂಬತ್ತು ವರ್ಷ ಕೂತಾಗಲೇ ತನ್ನ ಪುಸ್ತಕದಲ್ಲಿ ಬರೆದದ್ದು ಸರಿಯಲ್ಲ ಎಂದು ಅವರಿಗೆ ತಿಳಿಯಿತು, ಅದಕ್ಕೇ ಮತ್ತೆ ಬರೆಯಲಿಲ್ಲ. ಇದನ್ನೇ ಇವಳು ಮುನ್ನೂರು ಪುಟ ಬರೆದಳು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಆ ಅಮ್ಮನ ಒಂದು ಕಪ್ಪು ಬಿಳುಪಿನ ಫೋಟೋವನ್ನು ಮೊಮ್ಮಗಳು ಕಟ್ಟು ಹಾಕಿಸಿ ತನ್ನ ಮೇಜಿನ ಮೇಲಿನ ಗೋಡೆಗೆ ತೂಗುಹಾಕಿದ್ದಳು. ನಮ್ಮ ಮನೆಗಳಲ್ಲಿ ಒಬ್ಬರೇ ಇರುವ ಕಪ್ಪು ಬಿಳುಪು ಫೋಟೋ ಗೋಡೆಗೆ ಏರುವುದು ಯಾವಾಗ? ನಾನು ಓದಿದ ನಾಲ್ಕು ಕ್ಲಾಸಿನ ಪಾಠದಲ್ಲೂ ಇಂಥಲ್ಲಿ ಹುಟ್ಟಿದರು, ಹೀಗೆ ಓದಿದರು ಎಂದು ಯಾರ ಬಗ್ಗೆ ಬರೆದಿತ್ತೋ ಅವರೆಲ್ಲ ಎಂದೋ ತೀರಿಕೊಂಡವರೇ. ಬದುಕಿರುವವರ ಜೀವನವನ್ನು ಇನ್ನೊಬ್ಬರು ಕೂತು ಬರೆಯುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ. ಅವರು ಇದ್ದಾರೋ ಇಲ್ಲವೋ ಎಂದು ನಾನು ಕೇಳಲಿಲ್ಲ, ಇದ್ದಾರೆ ಎಂದು ಅವಳು ಹೇಳಲೂ ಇಲ್ಲ.

ಮಹಾಲಯ ಅಮಾವಾಸ್ಯೆಗೆ ನಾನು ಊರಿಗೆ ಹೋಗುತ್ತೇನೆ. ಅಂದು ತೀರಿಕೊಂಡ ಹಿರಿಯರಿಗೆ ಪೂಜೆ. ಅವರ ಫೋಟೋ ಇಟ್ಟು, ಮುಂದೆ ಹೊಸ ಬಟ್ಟೆ ಇಟ್ಟು, ಬಾಳೆಲೆಯ ಮೇಲೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಹಾಕಿಕೊಂಡು ಹೊರಗೆ ಕೂರುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಎಂದು ಅಷ್ಟು ಹೊತ್ತು ಬಿಟ್ಟು, ಆಮೇಲೆ ಬಾಗಿಲು ತೆಗೆದು ನಾವು ಉಣ್ಣುತ್ತೇವೆ. ಹೀಗೆ ಎಲೆಯ ಮೇಲೆ ಬಡಿಸುವುದನ್ನೇ ಎಡೆ ಇಡುವುದು ಅನ್ನುತ್ತೇವೆ. ಮೂರು ವರ್ಷದ ಹಿಂದೆ ಊರಿಗೆ ಹೊರಟು ನಿಂತಾಗ ಗೋಡೆಯ ಮೇಲಿನ ಆ ಫೋಟೋ ಕಣ್ಣಿಗೆ ಬಿತ್ತು. ತಾಯಿಯನ್ನು ಒಂಬತ್ತು ವರ್ಷ ನೋಡಿಕೊಂಡ ಹೆಣ್ಣುಮಗಳು. ಮಕ್ಕಳಿಲ್ಲ, ಮರಿಯಿಲ್ಲ. ಇವರಿಗೆ ಎಡೆ ಇಡುವವರು ಯಾರಿದ್ದಾರೆ ಅನ್ನಿಸಿತು. ಮೊಮ್ಮಗಳು ಲೈಬ್ರರಿ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದಳು. ಫೋಟೋವನ್ನು ಟವೆಲ್ಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.

ಊರಿನಲ್ಲಿ ಸೊಸೆ ಕೇಳಿದಳು, "ಇವ್ರ್ಯಾರತ್ತೆ?"

"ನಿನ್ ಮಗಳ ಗುರು. ಪಾಪ, ಹಿಂದು ಮುಂದು ಯಾರೂ ಇಲ್ಲ," ಎಂದೆ. ಅವಳು ಇನ್ನೊಂದು ಎಲೆ ಹಾಸಿದಳು.

ನಮ್ಮತ್ತೆಯ ಫೋಟೋದ ಪಕ್ಕವೇ ಇಟ್ಟೆ. ಸೀರೆ ಉಡುವವರಲ್ಲ, ಚಳಿ ದೇಶದವರು ಎಂದು ಒಂದು ಉಣ್ಣೆಯ ಶಾಲು ಇಟ್ಟೆ. ಏನು ತಿನ್ನುತ್ತಿದ್ದರು ಎಂದು ಮೊಮ್ಮಗಳನ್ನು ಒಮ್ಮೆ ಕೇಳಿದ್ದೆ. ಅವಳು ಪುಸ್ತಕದಿಂದ ತಲೆ ಎತ್ತದೆ, "ಟೀ, ಬಿಸ್ಕತ್ತು ಅಜ್ಜಿ, ಅದರಲ್ಲೇ ದಿನ ಕಳೀತಿದ್ರಂತೆ," ಅಂದಿದ್ದಳು. ಆದ್ದರಿಂದ ಅನ್ನ, ಕಡುಬು, ವಡೆಯ ಜೊತೆಗೆ ಒಂದು ಲೋಟ ಟೀ, ಬಿಸ್ಕತ್ತು. ನಾನೇ ಕಟ್ಟಿದ ಸುಗಂಧರಾಜದ ಹಾರವನ್ನೂ ಹಾಕಿದೆ. ಮಾರನೇ ದಿನ ಫೋಟೋ ಒರೆಸಿ ತಂದು ಮೊಳೆಗೆ ತೂಗುಹಾಕಿದೆ. ಹೀಗೇ ಮೂರು ಅಮಾವಾಸ್ಯೆ ನಡೆಯಿತು, ಮೂರು ಸಲವೂ ಮೊಮ್ಮಗಳು ಬೆಂಗಳೂರಿನಲ್ಲಿದ್ದಳು. ಅವಳಿಗೆ ನಾನೂ ಹೇಳಲಿಲ್ಲ, ಸೊಸೆಗೂ ಹೇಳಬೇಡ ಎಂದಿದ್ದೆ. ಓದಿದವಳು, ನಗಬಹುದು ಎಂಬ ಸಂಕೋಚ.

ಈಚೆಗೆ ಅವಳ ಪರೀಕ್ಷೆಯ ದಿನ ಗೊತ್ತಾಯಿತು. ಬರೆದ ಮುನ್ನೂರು ಪುಟವನ್ನು ಸಭೆಯಲ್ಲಿ ನಿಂತು ಸಮರ್ಥಿಸಬೇಕು, ಯಾರು ಬೇಕಾದರೂ ಬಂದು ಕೇಳಬಹುದು. ಹೊರಗಿನಿಂದ ಬರುವ ಪರೀಕ್ಷಕರು ಮೊದಲೇ ಕಾಗದದಲ್ಲಿ ಬರೆದಿದ್ದರಂತೆ, ಇದು ಚೆನ್ನಾಗಿದೆ, ಆದರೆ ಊಹೆ, ಆಧಾರ ಎಲ್ಲಿ ಎಂದು. ಅದಕ್ಕೆ ಉತ್ತರ ಕೊಡದಿದ್ದರೆ ಮತ್ತೆ ಮೊದಲಿಂದ ಬರೆಯಬೇಕು. "ಇನ್ನೊಂದು ಸಲ ಬರೆಯೋ ಶಕ್ತಿ ನನಗಿಲ್ಲ ಅಜ್ಜಿ. ಇದು ಹೋದ್ರೆ ಇಲ್ಲಿಗೇ ಬಿಡ್ತೀನಿ," ಎಂದು ಹೇಳಿ ಹಿಂದಿನ ದಿನ ಊಟವನ್ನೂ ಮಾಡಲಿಲ್ಲ.

ನಿನ್ನೆ ಮಗ, ಸೊಸೆ ಗುಬ್ಬಿಯಿಂದ ಬಸ್ಸಿಗೆ ಬಂದರು. ಮೂವರೂ ಸಭೆಯ ಹಿಂದಿನ ಸಾಲಿನಲ್ಲಿ ಕೂತೆವು. ಗೋಡೆಯ ಮೇಲೆ ದೊಡ್ಡ ಪರದೆ ಇತ್ತು. ದೂರದಲ್ಲಿರುವವರು ಅದರಲ್ಲೇ ಬಂದು ಕೇಳುತ್ತಾರಂತೆ. ಎಲ್ಲವೂ ಇಂಗ್ಲಿಷಿನಲ್ಲಿ. ನನ್ನ ಪಕ್ಕದಲ್ಲಿದ್ದ ಒಬ್ಬ ವಿದ್ಯಾರ್ಥಿನಿ ಪುಣ್ಯಾತ್ಗಿತ್ತಿ, ಆಗಾಗ ನನ್ನ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದಳು.

ಮೊಮ್ಮಗಳು ಅರ್ಧ ಗಂಟೆ ಚೆನ್ನಾಗಿಯೇ ಮಾತಾಡಿದಳು. ಆಮೇಲೆ ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಒಂದೇ ಪ್ರಶ್ನೆ ಕೇಳಿದರು. ಆ ಹುಡುಗಿ ನನ್ನ ಕಿವಿಗೆ ಬಾಗಿ, "ಅವರು ಯಾಕೆ ಬರೆಯೋದು ನಿಲ್ಲಿಸಿದ್ರು ಅಂತ ಅವರೇ ಎಲ್ಲೂ ಹೇಳಿಲ್ಲ, ನಿನಗೆ ಹೇಗೆ ಗೊತ್ತು ಅಂತಿದ್ದಾರೆ," ಎಂದಳು. ಮೊಮ್ಮಗಳು ಬಾಯಿ ತೆರೆದಳು, ಮುಚ್ಚಿದಳು. ನೀರು ಕುಡಿದಳು. ಪಕ್ಕದಲ್ಲಿ ಮಗ ಕರವಸ್ತ್ರ ಹಿಂಡುತ್ತಿದ್ದ.

ಅದೇ ಹೊತ್ತಿಗೆ ಪರದೆಯ ಮೇಲೆ ಹೊಸ ಚೌಕವೊಂದು ತೆರೆದುಕೊಂಡಿತು. ಅದರಲ್ಲಿ ಬೆಳ್ಳಿ ಕೂದಲಿನ, ಸುಕ್ಕು ಮುಖದ ಅಜ್ಜಿ. ಅದೇ ಉದ್ದ ಮೂಗು, ಅದೇ ಸ್ವಲ್ಪ ಓರೆಯಾದ ಹುಬ್ಬು. ನಾನು ಮೂರು ವರ್ಷ ಒರೆಸಿ, ಕುಂಕುಮ ಇಟ್ಟು, ಹಾರ ಹಾಕಿದ ಮುಖ. ಕಣ್ಣು ಮಿಟುಕಿಸಿತು!

"ಅಯ್ಯೋ ಶಿವನೇ! ಬದ್ಕವ್ರೆ!"

ಕೂಗಿದ್ದು ನಾನೇ. ಎದ್ದು ನಿಂತವಳೂ ನಾನೇ. ನನ್ನ ಕುರ್ಚಿ ಹಿಂದಕ್ಕೆ ಬಿತ್ತು. ಇಡೀ ಸಭೆ ತಿರುಗಿ ನೋಡಿತು. ಸೊಸೆಯೂ ಪರದೆ ನೋಡಿ, "ಅತ್ತೇ, ನಮ್ಮೆಡೆ ಫೋಟೋದವ್ರು!" ಎಂದು ನನ್ನ ತೋಳು ಹಿಡಿದುಕೊಂಡಳು. ಮೊಮ್ಮಗಳ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. ಆ ಅಮ್ಮ ಬರುತ್ತಾರೆಂದು ಅವಳಿಗೂ ಗೊತ್ತಿರಲಿಲ್ಲ. ಅವಳಿಗೆ ಪಿಎಚ್.ಡಿ. ಮಾಡಿಸುತ್ತಿದ್ದ ಗೈಡ್ ಮೇಡಂ ಸುಮ್ಮನೆ ಒಂದು ಆಹ್ವಾನ ಕಳಿಸಿದ್ದರಂತೆ. ತೊಂಬತ್ತು ದಾಟಿದವರು, ಬರಲಾರರು ಎಂದುಕೊಂಡಿದ್ದರಂತೆ. ಮೊಮ್ಮಗಳು ಹಿಂದೆ ಬರೆದ ಕಾಗದಗಳಿಗೂ ಅವರಿಂದ ಉತ್ತರ ಬಂದಿರಲಿಲ್ಲವಂತೆ.

ಬದುಕಿರುವವರಿಗೆ ಎಡೆ ಇಟ್ಟಿದ್ದೇನೆ, ಒಂದಲ್ಲ, ಮೂರು ಸಲ. ಸಾಲದ್ದಕ್ಕೆ ಇವಳ ಪರೀಕ್ಷೆಯ ನಡುವೆ ಕೂಗಿ ಆರು ವರ್ಷದ ಕೆಲಸಕ್ಕೆ ಕಲ್ಲು ಹಾಕಿದ್ದೇನೆ.

ಪರೀಕ್ಷಕರು ನನ್ನ ಕಡೆ ತಿರುಗಿದರು. ಅಷ್ಟು ಹೊತ್ತು ಟಸ್ ಪುಸ್ ಇಂಗ್ಲಿಷ್ ಆಡುತ್ತಿದ್ದ ಮನುಷ್ಯ ಏಕಾಏಕಿ, "ಯಾಕಮ್ಮಾ, ಏನಾಯ್ತು? ಗಾಬ್ರಿ ಆಗ್ಬ್ಯಾಡಿ, ಹೇಳಿ. ನಂದೂ ಕುಣಿಗಲ್ ಕಡೆ ಹಳ್ಳೀನೇ," ಎಂದರು. ಅದೊಂದು ಬೇರೆ ಆಶ್ಚರ್ಯ. ನಮ್ಮ ಮಾತು ಕಿವಿಗೆ ಬಿದ್ದದ್ದೇ ನನ್ನ ಬಾಯಿ ಕಟ್ಟು ಬಿಚ್ಚಿತು. ಫೋಟೋ, ಅಮಾವಾಸ್ಯೆ, ಶಾಲು, ಟೀ, ಎಲ್ಲವನ್ನೂ ಅಳುತ್ತ ಒದರಿಬಿಟ್ಟೆ.

"ತೆಪ್ಪಾಯ್ತು ಸ್ವಾಮಿ. ಆ ವಮ್ಮಂಗೆ ಏನೂ ಆಗ್ದಿರಂಗೆ ಹೇಳಿ. ನನ್ ಮೊಮ್ಮಗಳಿಗೆ ಇದೇನೂ ಗೊತ್ತಿಲ್ಲ, ಅವಳನ್ನ ಫೇಲ್ ಮಾಡ್ಬೇಡಿ."

ಸಭೆಯಲ್ಲಿ ಕೆಲವರು ನಕ್ಕರು. ಪರೀಕ್ಷಕರು ನಗಲಿಲ್ಲ. ಪರದೆಯ ಕಡೆ ತಿರುಗಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದರು. ಆ ಅಮ್ಮ ಕಿವಿಯ ಹಿಂದೆ ಕೈ ಇಟ್ಟು ಕೇಳಿಸಿಕೊಂಡರು. ಮುಖ ನೋಡಿದರೆ ಸಿಟ್ಟೋ ಏನೋ ತಿಳಿಯಲಿಲ್ಲ. ಆಮೇಲೆ ಏನೋ ಕೇಳಿದರು.

"ಆ ಟೀ ಯಾರ್ ಕುಡುದ್ರು ಅಂತವ್ರೆ ಕಣಮ್ಮ," ಎಂದರು ಪರೀಕ್ಷಕರು.

"ನನ್ ಮಗ ಕುಡ್ದ," ಎಂದೆ. ಮಗ ತಲೆ ತಗ್ಗಿಸಿದ.

ಆ ಅಮ್ಮ ಭುಜ ಕುಲುಕಿಸಿ ನಕ್ಕರು. ನಕ್ಕು ಮುಗಿಸಿ ಇನ್ನೊಂದು ಪ್ರಶ್ನೆ. ನೀವು ನನ್ನನ್ನು ಕಂಡಿಲ್ಲ, ನನ್ನ ಭಾಷೆ ಗೊತ್ತಿಲ್ಲ, ನನಗ್ಯಾಕೆ ಇಟ್ಟಿರಿ ಎಂದು.

ಏನು ಹೇಳಬೇಕು? ಇದ್ದದ್ದನ್ನೇ ಹೇಳಿದೆ. "ನೀವು ತಾಯೀನ ಒಂಬತ್ ವರ್ಷ ನೋಡ್ಕೊಂಡ್ರಂತೆ, ಮಾತಿಲ್ದೋರ್ನ. ನಾನು ನಮ್ಮತ್ತೇನ ನಾಕು ವರ್ಷ ನೋಡ್ಕೊಂಡಿವ್ನಿ. ಆ ಕಷ್ಟ ನಂಗೊತ್ತು. ನಮ್ಮತ್ತೆ ಕಂಬ್ಳಿ ಅಂಚು ಎಳೆದು ಹೇಳೋರು ನೀರು ಬೇಕು ಅಂತ. ನಿಮ್ ತಾಯೀದೂ ನಿಮಗೆ ತಿಳೀದೆ ಇರ್ತದಾ?"

ಪರೀಕ್ಷಕರು ಹೇಳಿ ಮುಗಿಸಿದರು. ಆ ಅಮ್ಮ ಒಂದು ಬೆರಳನ್ನು ಎತ್ತಿ ತಮ್ಮ ಎಡ ಹುಬ್ಬನ್ನು ಮುಟ್ಟಿಕೊಂಡು ಮೆಲ್ಲಗೆ ಏನೋ ಹೇಳಿದರು. ಪರೀಕ್ಷಕರು ಅದನ್ನು ನನಗೆ ಕನ್ನಡದಲ್ಲಿ ಹೇಳಿದರು.

"ನಮ್ಮ ತಾಯಿ ಹುಬ್ಬಲ್ಲಿ ಹೇಳ್ತಿದ್ರು, ಅಂತವ್ರೆ. ಎರಡು ವರ್ಷ ನನಗದು ತಿಳೀಲಿಲ್ಲ. ತಿಳಿದ ದಿನ ನನ್ನ ಪುಸ್ತಕಾನ ತೆಗೆದು ಮೇಲಿನ ಅಟ್ಟಕ್ಕೆ ಹಾಕಿದೆ, ಅಂತವ್ರೆ."

ಮೊಮ್ಮಗಳು ಎರಡು ಕೈಯಿಂದ ಮೇಜನ್ನು ಹಿಡಿದುಕೊಂಡಳು. ಅವಳು ಊಹಿಸಿ ಬರೆದದ್ದು ನಿಜವಾಗಿತ್ತು.

ಇಲ್ಲಿಗೆ ಮುಗಿಯಿತು, ಗೆದ್ದಳು ಎಂದುಕೊಂಡೆ. ಇಲ್ಲ. ಪರೀಕ್ಷಕರು ಮತ್ತೆ ಅವಳ ಕಡೆ ತಿರುಗಿದರು. ಈಗ ಕನ್ನಡದಲ್ಲೇ ಕೇಳಿದರು, ನಮಗೂ ತಿಳಿಯಲಿ ಎಂದೇನೋ.

"ಇವತ್ತು ಅವರೇ ಬಂದು ಹೇಳಿದ್ರು, ಸರಿ. ಬರದೆ ಇದ್ದಿದ್ರೆ? ನೋಡಮ್ಮ, ಒಂದೇ ಮನೇಲಿ ಇರೋ ನಿಮ್ಮಜ್ಜಿ ಮೂರು ವರ್ಷ ಏನು ಅಂದ್ಕೊಂಡಿದ್ರು ಅಂತಾನೇ ನಿನಗೆ ತಿಳೀಲಿಲ್ಲ. ಸಮುದ್ರದ ಆಚೆ ಇರೋರ ಮನಸ್ಸು ತಿಳೀತು ಅಂತ ಮುನ್ನೂರು ಪುಟ ಬರೆದಿದ್ದೀಯ. ಹೇಗೆ ನಂಬೋದು?"

ನನ್ನಿಂದಲೇ ಬಂತಲ್ಲ ಈ ಪ್ರಶ್ನೆ! ಮೊಮ್ಮಗಳು ನನ್ನನ್ನು ನೋಡಿದಳು. ಆಮೇಲೆ ಪರೀಕ್ಷಕರ ಕಡೆ ತಿರುಗಿ ಉತ್ತರ ಕೊಟ್ಟಳು.

"ಹೌದು ಸರ್, ತಿಳೀಲಿಲ್ಲ. ಹತ್ತಿರ ಇದ್ದ ಮಾತ್ರಕ್ಕೆ ತಿಳಿಯುತ್ತೆ ಅಂತ ನಾನು ಬರೆದಿಲ್ಲ. ಕೇಳಿ, ತಪ್ಪು ಮಾಡಿ, ತಿದ್ದಿಕೊಂಡರೆ ತಿಳಿಯುತ್ತೆ ಅಂತ ಬರೆದಿದ್ದೀನಿ. ಅದನ್ನ ಕಲಿತಿದ್ದು ಪುಸ್ತಕದಿಂದ ಅಲ್ಲ, ಅಜ್ಜಿಯಿಂದ. ಮುತ್ತಜ್ಜಿ ಹತ್ತಿರ ಮೊದಲ ವರ್ಷ ಅವರು ಬರೀ ತಪ್ಪು ಮಾಡಿದ್ರಂತೆ. ಅದು ಆಧಾರ ಅಂತ ಯಾರು ಒಪ್ತಾರೆ ಅಂತ ಹೆದರಿ ಅದನ್ನ ಬರೆಯದೆ ಬಿಟ್ಟುಬಿಟ್ಟೆ. ಅಜ್ಜಿಗೆ ಆರು ವರ್ಷ ನಾನು ಹೇಳ್ತಾನೇ ಇದ್ದೆ ಸರ್. ನಿನಗೇನು ಅನ್ನಿಸ್ತು ಅಂತ ಒಂದು ಸಲಾನೂ ಕೇಳಲಿಲ್ಲ. ಅದಕ್ಕೇ ಎಡೆ ಇಟ್ಟಿದ್ದು ನನಗೆ ತಿಳೀಲಿಲ್ಲ."

ಪರೀಕ್ಷಕರು ಕನ್ನಡಕ ಹಾಕಿಕೊಂಡರು. ಗೈಡ್ ಮೇಡಂ ಜೊತೆ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಹತ್ತು ನಿಮಿಷ ನಾನು ಯಾವ ದೇವರನ್ನು ಬಿಟ್ಟೆ, ಯಾವ ದೇವರನ್ನು ಹಿಡಿದೆ ಎಂದು ಹೇಳಲಾರೆ. ಪರದೆಯಲ್ಲಿ ಆ ಅಮ್ಮ ಬಟ್ಟಲಿನಿಂದ ಏನೋ ಕುಡಿಯುತ್ತಿದ್ದರು. ಅವರ ದೇಶದಲ್ಲಿ ಇನ್ನೂ ಬೆಳಗ್ಗೆಯಂತೆ. ಕಣ್ಣು ಕಣ್ಣು ಕೂಡಿದಾಗ ನಾನು ಕೈ ಮುಗಿದೆ. ಅವರೂ ಬಟ್ಟಲು ಕೆಳಗಿಟ್ಟು ಮುಗಿದರು.

ಬಾಗಿಲು ತೆರೆಯಿತು. ಪರೀಕ್ಷಕರು ನಿಂತು ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಓದಿದರು. ಪಕ್ಕದ ಹುಡುಗಿ ನನ್ನ ಭುಜ ಹಿಡಿದು, "ಆಯ್ತು ಅಜ್ಜಿ, ಆಯ್ತು!" ಎಂದಳು. ಮಗ ಗಂಡಸು ಅನ್ನುವುದನ್ನೂ ಮರೆತು ಗೊಳೋ ಎಂದು ಅತ್ತ. ಪರೀಕ್ಷಕರು ಕೆಳಗಿಳಿದು ಬಂದು ನನ್ನ ಮುಂದೆ ನಿಂತರು.

"ಒಂದು ಷರತ್ತು ಹಾಕಿದ್ದೀನಿ ಕಣಮ್ಮ. ನಿಮ್ ಕಂಬ್ಳಿ ಅಂಚಿನ ವಿಷಯ ಅದ್ರಲ್ಲಿ ಬರೀಲೇಬೇಕು ಅಂತ."

"ಆ ವಮ್ಮಂಗೆ ಏನೂ ಆಗಲ್ಲ ತಾನೇ ಸ್ವಾಮಿ?"

"ಏನಾಯ್ತದೆ? ಹೊಟ್ಟೆ ತುಂಬ ಇಕ್ಕಿದ್ದೀರಿ, ಗಟ್ಟಿಯಾಗವ್ರೆ," ಎಂದು ನಕ್ಕರು.

ಸಂಜೆ ಬಟವಾಡಿಯ ಮನೆಗೆ ಬಂದವಳೇ ಸೊಸೆಯ ಜೊತೆ ಒಬ್ಬಟ್ಟಿಗೆ ಕೂತೆ. ಬೇಳೆ ಬೇಯಿಸಿದವಳು ಅವಳು, ಹೂರಣ ರುಬ್ಬಿದವಳು ನಾನು. ಮೊಮ್ಮಗಳು ಸೀರೆಯನ್ನೂ ಬದಲಾಯಿಸದೆ ಒಲೆಯ ಪಕ್ಕ ಕೂತಿದ್ದಳು.

"ಅಜ್ಜಿ, ಇವತ್ತು ನೀನು ಹೇಳು, ನಾನು ಕೇಳ್ತೀನಿ," ಎಂದಳು.

"ಏನೇಳ್ಲಿ? ಮೊದ್ಲು ಉಣ್ಣು. ನಿನ್ನೆಯಿಂದ ಹೊಟ್ಟೆಗೇನೂ ಇಲ್ಲ."

"ಎಡೆ ಇಟ್ಟು ಬಾಗಿಲು ಹಾಕ್ಕೊಂಡು ಹೊರಗೆ ಕೂತಾಗ ಏನ್ ಯೋಚನೆ ಮಾಡ್ತಿದ್ದೆ?"

"ಏನೂ ಇಲ್ಲ. ಟೀ ಆರೋಯ್ತದಲ್ಲ ಅಂತ," ಎಂದೆ. ಅವಳು ನಕ್ಕು ನಕ್ಕು ನನ್ನ ತೊಡೆಯ ಮೇಲೆ ತಲೆ ಇಟ್ಟುಬಿಟ್ಟಳು.

ನಾಲ್ಕು ಎಲೆ ಹಾಸಿ ನಾಲ್ವರೂ ಒಟ್ಟಿಗೆ ಕೂತೆವು. ಎರಡು ಕೋಣೆಯ ಮನೆ, ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಮೊಮ್ಮಗಳು ಬಿಸಿ ಒಬ್ಬಟ್ಟು, ತುಪ್ಪ, ಮೂರು ತಿಂದಳು, ನಾಲ್ಕನೆಯದಕ್ಕೆ ಎಲೆ ಮುಂದೆ ತಳ್ಳಿದಳು. ಮಗ ಸಾರು ಕಲಸಿ ಬಾಯಿಗಿಟ್ಟು ಒಂದು ಕ್ಷಣ ನಿಲ್ಲಿಸಿದ. ಸೊಸೆಯೂ ನಿಲ್ಲಿಸಿದಳು. ಸಡಗರದಲ್ಲಿ ಸಾರಿಗೆ ನಾನೊಮ್ಮೆ, ಅವಳೊಮ್ಮೆ ಉಪ್ಪು ಹಾಕಿದ್ದೆವು.

"ಹೆಂಗೈತ್ಲಾ?" ಎಂದು ಕೇಳಿದೆ.

"ಚೆನ್ನಾಗೈತೆ ಕಣವ್ವಾ, ಇನ್ನೊಂಚೂರು ಅನ್ನ ಇಕ್ಕು," ಎಂದ ಮಗ. ಎಲ್ಲರೂ ಅನ್ನ ಜಾಸ್ತಿ ಹಾಕಿಸಿಕೊಂಡು ಆ ಸಾರನ್ನೇ ಖಾಲಿ ಮಾಡಿದೆವು.